ಗಿಟ್ ಸರ್ವರ್ ಆಗಾಗ ಬಿದ್ದರೆ ರೀಸ್ಟಾರ್ಟ್ ಮಾಡಿ ಸುಮ್ಮನಾಗಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ರಾಜ್ಯದ ಎಷ್ಟೋ ಸಣ್ಣ ಸಾಫ್ಟ್‌ವೇರ್ ಕಚೇರಿಗಳು, ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಸೋರ್ಸ್ ಕೋಡನ್ನು ಹೊರಗಿನ ಸೇವೆಗಳಿಗೆ ಒಪ್ಪಿಸದೆ ಕಟ್ಟಡದೊಳಗಿನ ಒಂದು ಯಂತ್ರದಲ್ಲೇ ಇಟ್ಟುಕೊಂಡಿವೆ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಆ ಪ್ರೋಗ್ರಾಂ ಗಿಟ್ ಇರಬಹುದು, ಹಳೆಯ ಸಬ್‌ವರ್ಷನ್ ಇರಬಹುದು. ಎಲ್ಲರ ವರ್ಷಗಟ್ಟಲೆಯ ಕೆಲಸ ಆ ಒಂದು ಡಬ್ಬಿಯಲ್ಲಿರುತ್ತದೆ. ಪೂರ್ತಿ ಕೆಟ್ಟ ಸರ್ವರನ್ನು ಯಾರಾದರೂ ಕೂತು ಸರಿ ಮಾಡಿಯೇ ಮಾಡುತ್ತಾರೆ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಿದ್ದು, ರೀಸ್ಟಾರ್ಟ್ ಮಾಡಿದ ಕೂಡಲೇ ಎದ್ದು ಕೂರುವ ಸರ್ವರನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ರೆಪಾಸಿಟರಿ (ಕೋಡು ಮತ್ತು ಅದರ ಇತಿಹಾಸದ ಸಂಗ್ರಹ) ಹಾಳಾಗುವುದು ಹೆಚ್ಚಾಗಿ ಇಂಥ ಯಂತ್ರಗಳಲ್ಲೇ. ಆದ್ದರಿಂದ ಇವುಗಳನ್ನು ನೋಡಿಕೊಳ್ಳುವವರಿಗಾಗಿ, ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಬಯಸುತ್ತೇನೆ.

ಮೊದಲು ಸಾಕ್ಷಿ ಉಳಿಸಿಕೊಳ್ಳಿ. ಸಿಸ್ಟಂಡಿ (ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಇರುವ ಲಿನಕ್ಸ್‌ನಲ್ಲಿ ಜರ್ನಲ್ ಲಾಗ್ ಡಿಸ್ಕ್‌ನಲ್ಲಿ ಉಳಿಯುವುದು /ವಾರ್/ಲಾಗ್/ಜರ್ನಲ್ ಎಂಬ ಫೋಲ್ಡರ್ ಇದ್ದರೆ ಮಾತ್ರ. ಅದು ಇಲ್ಲದಿದ್ದರೆ, ಸೆಟ್ಟಿಂಗ್ ಬದಲಿಸದ ಯಂತ್ರದಲ್ಲಿ ಲಾಗ್ ಮೆಮೊರಿಯಲ್ಲೇ ಇದ್ದು ರೀಬೂಟ್ ಆದೊಡನೆ ಅಳಿಸಿಹೋಗುತ್ತದೆ. ಸರ್ವರ್ ಬಿದ್ದಾಗ ಪವರ್ ಬಟನ್ ಒತ್ತುವ ಅಭ್ಯಾಸ ಇರುವ ಕಡೆ ಕಾರಣ ಎಂದೂ ಸಿಗದಿರುವುದು ಇದರಿಂದಲೇ. ಆ ಫೋಲ್ಡರ್ ಸೃಷ್ಟಿಸಿ, ಜರ್ನಲ್ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಂದಿನ ಸಲ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಎಂದು ಕೊಟ್ಟು ಹಿಂದಿನ ಬೂಟ್‌ನ ಕರ್ನಲ್ (ಲಿನಕ್ಸ್‌ನ ತಿರುಳು) ಸಂದೇಶಗಳನ್ನು ಓದಬಹುದು.

ಇನ್ನೊಂದು ಮರೆಮಾಚುವ ಸಂಗತಿ ತಾನಾಗಿ ಏಳುವ ವ್ಯವಸ್ಥೆ. ಸೇವೆಯನ್ನು ಹೇಗೆ ನಡೆಸಬೇಕೆಂದು ಸಿಸ್ಟಂಡಿಗೆ ಹೇಳುವ ಯೂನಿಟ್ ಫೈಲಿನಲ್ಲಿ ‘ರೀಸ್ಟಾರ್ಟ್=ಆಲ್ವೇಸ್’ ಎಂದಿದ್ದರೆ ಸಿಸ್ಟಂಡಿ 100 ಮಿಲಿಸೆಕೆಂಡಿನಲ್ಲಿ ಅದನ್ನು ಮತ್ತೆ ಎಬ್ಬಿಸುತ್ತದೆ; 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದ ಮೇಲೂ ಬಿದ್ದರೆ ಮಾತ್ರ ಕೈಬಿಡುತ್ತದೆ. ಅಂದರೆ ದಿನಕ್ಕೆ ನಾಲ್ಕು ಸಲ ಬಿದ್ದರೂ ಬಳಕೆದಾರರಿಗೆ ಕಾಣುವುದು ಅರ್ಧಕ್ಕೆ ನಿಂತ ಒಂದು ಕ್ಲೋನ್ (ರೆಪಾಸಿಟರಿಯ ಪೂರ್ತಿ ಪ್ರತಿ ಇಳಿಸಿಕೊಳ್ಳುವುದು) ಅಷ್ಟೇ. ‘ಸಿಸ್ಟಂಸಿಟಿಎಲ್ ಶೋ -ಪಿ ಎನ್‌ರೀಸ್ಟಾರ್ಟ್ಸ್’ ಎಂದು ಸೇವೆಯ ಹೆಸರು ಸೇರಿಸಿ ಕೇಳಿದರೆ ಎಷ್ಟು ಸಲ ತಾನಾಗಿ ಎದ್ದಿದೆ ಎಂಬ ಲೆಕ್ಕ ಸಿಗುತ್ತದೆ. ತಾನಾಗಿ ಏಳುವುದನ್ನು ತೆಗೆಯಿರಿ ಎನ್ನುತ್ತಿಲ್ಲ, ಈ ಲೆಕ್ಕವನ್ನು ದಿನವೂ ನೋಡಿ.

ನಂತರ ಪ್ರೋಗ್ರಾಂ ಹೇಗೆ ಸತ್ತಿತು ಎಂದು ತಿಳಿಯಬೇಕು. ನಿರ್ಗಮನ ಸಂಖ್ಯೆ 137 ಎಂದರೆ 128ಕ್ಕೆ 9 ಸೇರಿಸಿದ್ದು: ಹೊರಗಿನಿಂದ ಯಾರೋ ಬಲವಂತವಾಗಿ ಕೊಂದಿದ್ದಾರೆ, ಹೆಚ್ಚಿನ ಸಲ ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿರುತ್ತದೆ. 139 ಎಂದರೆ 128ಕ್ಕೆ 11, ಸೆಗ್ಮೆಂಟೇಷನ್ ಫಾಲ್ಟ್: ತನಗೆ ಸಲ್ಲದ ಮೆಮೊರಿಗೆ ಕೈ ಹಾಕಿ ಸತ್ತಿದೆ. 134 ಎಂದರೆ ಪ್ರೋಗ್ರಾಂ ತಾನೇ ಅಬಾರ್ಟ್ ಮಾಡಿಕೊಂಡಿದೆ. ಈ ಮೂರಕ್ಕೂ ಹಿಡಿಯಬೇಕಾದ ದಾರಿ ಬೇರೆ ಬೇರೆ. ಇದನ್ನು ನೋಡದೆ ಗಿಟ್ ಅಪ್‌ಗ್ರೇಡ್ ಮಾಡುವುದು, ರ‍್ಯಾಮ್ ಕೊಳ್ಳುವುದು, ನೆಟ್‌ವರ್ಕ್‌ನವರನ್ನು ಬೈಯುವುದು ಎಲ್ಲ ವ್ಯರ್ಥ. ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ವ್ಯವಸ್ಥೆ) ನಡೆಸುತ್ತಿದ್ದರೆ ‘ಡಾಕರ್ ಇನ್‌ಸ್ಪೆಕ್ಟ್’ ಉತ್ತರದಲ್ಲಿ ‘ಊಮ್‌ಕಿಲ್ಡ್’ ಎಂಬ ಸಾಲು ಟ್ರೂ ಇದೆಯೇ ನೋಡಿ.

ಸಣ್ಣ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು 137. ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ ಎಂಬ ಸಾಲು ಇರುತ್ತದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಸತ್ತ ಪ್ರೊಸೆಸ್ಸೇ ತಪ್ಪಿತಸ್ಥ ಎಂದುಕೊಳ್ಳುತ್ತಾರೆ. ಕರ್ನಲ್ ಆರಿಸುವುದು ಆ ಕ್ಷಣದಲ್ಲಿ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಒಂದನ್ನು. ಅದು ಡೇಟಾಬೇಸ್ ಆಗಿರಬಹುದು, ವೆಬ್ ಪುಟ ತೋರಿಸುವ ಪ್ರೋಗ್ರಾಂ ಆಗಿರಬಹುದು. ಆದ್ದರಿಂದ ಆ ಸಾಲಿನ ಮೇಲೆ ಕರ್ನಲ್ ಅಚ್ಚು ಹಾಕುವ ಪ್ರೊಸೆಸ್‌ಗಳ ಪಟ್ಟಿಯನ್ನು ಪೂರ್ತಿ ಓದಿ. ಅದರಲ್ಲಿ ‘ಆರ್‌ಎಸ್‌ಎಸ್’ ಕಾಲಮ್ಮಿನ ಅಂಕಿ, ಅಂದರೆ ಪ್ರೊಸೆಸ್ ಹಿಡಿದಿರುವ ಮೆಮೊರಿ, ಪೇಜ್‌ಗಳ ಲೆಕ್ಕದಲ್ಲಿರುತ್ತದೆ. ಸಾಮಾನ್ಯ ಪಿಸಿ ಮತ್ತು ಸರ್ವರ್‌ಗಳಲ್ಲಿ ಒಂದು ಪೇಜ್ 4 ಕೆಬಿ. ಐದಾರು ಗಿಟ್ ಪ್ರೊಸೆಸ್‌ಗಳು ತಲಾ 1,50,000 ಪೇಜ್ ಹಿಡಿದು ಕೂತಿದ್ದರೆ ಒಂದೊಂದೂ ಹತ್ತಿರ ಹತ್ತಿರ 600 ಎಂಬಿ ನುಂಗಿದೆ ಎಂದರ್ಥ. ಆಗ ಸತ್ತದ್ದು ಡೇಟಾಬೇಸ್ ಆದರೂ ಕೊಂದದ್ದು ಗಿಟ್.

ಗಿಟ್ ಅಷ್ಟೊಂದು ಮೆಮೊರಿ ಏಕೆ ಕೇಳುತ್ತದೆ, ಅದೂ ಒಮ್ಮೊಮ್ಮೆ ಮಾತ್ರ ಏಕೆ? ಯಾರಾದರೂ ಕ್ಲೋನ್ ಮಾಡಿದಾಗ ಸರ್ವರ್‌ನಲ್ಲಿ ‘ಪ್ಯಾಕ್-ಆಬ್ಜೆಕ್ಟ್ಸ್’ ಎಂಬ ಕೆಲಸ ಶುರುವಾಗುತ್ತದೆ. ಅದು ಫೈಲುಗಳ ಬೇರೆ ಬೇರೆ ಆವೃತ್ತಿಗಳನ್ನು ಹೋಲಿಸಿ ವ್ಯತ್ಯಾಸವನ್ನಷ್ಟೇ ಕಳಿಸಲು ನೋಡುತ್ತದೆ. ಹೋಲಿಕೆಗೆ ಒಂದು ಕಿಂಡಿ ಇಟ್ಟುಕೊಂಡು ಅದರಲ್ಲಿ ಗಿಟ್ ಉಳಿಸಿಟ್ಟ ಫೈಲ್ ಆವೃತ್ತಿಗಳಂಥ 10 ಆಬ್ಜೆಕ್ಟ್‌ಗಳನ್ನು ಮೆಮೊರಿಯಲ್ಲಿ ಬಿಚ್ಚಿಟ್ಟಿರುತ್ತದೆ. ಯಾರೋ 200 ಎಂಬಿಯ ವಿನ್ಯಾಸದ ಫೈಲನ್ನು ಹತ್ತು ಸಲ ತಿದ್ದಿ ಕಮಿಟ್ ಮಾಡಿದ್ದರೆ (ಗಿಟ್‌ನಲ್ಲಿ ದಾಖಲಿಸಿದ್ದರೆ) ಆ ಒಂದು ಕಿಂಡಿಗೇ 2 ಜಿಬಿ ಬೇಕು. ಕೆಲಸವನ್ನು ಪ್ರೊಸೆಸರ್‌ನ ಕೋರ್‌ಗಳಿಗೆ ಹಂಚುವುದರಿಂದ, ಇಂಥ ಫೈಲುಗಳು ಎರಡು ಮೂರಿದ್ದು ಬೇರೆ ಬೇರೆ ಥ್ರೆಡ್‌ಗಳ ಪಾಲಿಗೆ ಬಿದ್ದರೆ ಅಷ್ಟಷ್ಟು ಪಟ್ಟು. ಕಿಂಡಿಯ ಮೆಮೊರಿಗೆ ಡಿಫಾಲ್ಟ್ ಆಗಿ ಮಿತಿಯೇ ಇಲ್ಲ. 512 ಎಂಬಿಗಿಂತ ದೊಡ್ಡ ಫೈಲನ್ನು ಗಿಟ್ ಹೋಲಿಸಲು ಹೋಗುವುದಿಲ್ಲ. ಹಾಗಾಗಿ 2 ಜಿಬಿಯ ಫೈಲಿಗಿಂತ 300 ಎಂಬಿಯ ಫೈಲುಗಳೇ ಇಲ್ಲಿ ಹೆಚ್ಚು ಅಪಾಯ.

ಒಮ್ಮೊಮ್ಮೆ ಮಾತ್ರ ಆಗುವುದಕ್ಕೂ ಉತ್ತರ ಇಲ್ಲೇ ಇದೆ. ಒಮ್ಮೆ ಪ್ಯಾಕ್ ಆಗಿರುವ, ಅಂದರೆ ಒಂದೇ ಫೈಲಿಗೆ ಒತ್ತಿಟ್ಟಿರುವ, ವ್ಯತ್ಯಾಸಗಳನ್ನು ಗಿಟ್ ಮತ್ತೆ ಲೆಕ್ಕ ಹಾಕದೆ ಹಾಗೇ ಬಳಸಿಕೊಳ್ಳುತ್ತದೆ. ರೀಪ್ಯಾಕ್ ಆದ ಕೆಲವು ದಿನ ಎಲ್ಲವೂ ಸಲೀಸು. ಹೊಸ ಪುಶ್‌ಗಳು (ಬಳಕೆದಾರರು ಸರ್ವರ್‌ಗೆ ಕಳಿಸುವ ಬದಲಾವಣೆಗಳು) ಸೇರುತ್ತಾ ಹೋದಂತೆ ಮತ್ತೆ ಲೆಕ್ಕದ ಹೊರೆ ಏರುತ್ತದೆ. 100ಕ್ಕಿಂತ ಕಡಿಮೆ ಆಬ್ಜೆಕ್ಟ್ ಇರುವ ಪುಶ್ ಬಿಡಿ ಫೈಲುಗಳಾಗಿ ಬಿಚ್ಚಿಕೊಳ್ಳುತ್ತದೆ. ಬಿಡಿ ಫೈಲುಗಳು ಸುಮಾರು 6,700 ದಾಟಿದಾಗ, ಅಥವಾ ಪ್ಯಾಕ್‌ಗಳು 50 ಮೀರಿದಾಗ, ಮುಂದಿನ ಪುಶ್ ಆದ ಮೇಲೆ ‘ಗಿಟ್ ಜಿಸಿ’ ಎಂಬ ಒಪ್ಪವಾಗಿ ಪ್ಯಾಕ್ ಮಾಡುವ ಕೆಲಸ ತಾನಾಗಿ ಶುರುವಾಗುತ್ತದೆ. ಬಹುಕಾಲದಿಂದ ಇರುವ ಡಿಫಾಲ್ಟ್ ಇದು. ಆ ಹೊತ್ತಿಗೆ ಬೇರೆ ಇಬ್ಬರು ಕ್ಲೋನ್ ಮಾಡುತ್ತಿದ್ದರೆ ಸರ್ವರ್ ಬೀಳುತ್ತದೆ. ಪುಶ್ ಮಾಡಿದವರಿಗೆ ತಾವು ಕಳಿಸಿದ ಮೂರು ಸಾಲಿನ ಬದಲಾವಣೆಯಿಂದಲೇ ಬಿತ್ತು ಎನ್ನಿಸುತ್ತದೆ.

ಬಿದ್ದ ಜಿಸಿ ಬಿಟ್ಟುಹೋಗುವ ಕಸದ ಕಡೆಗೂ ಗಮನ ಬೇಕು. ಅರ್ಧದಲ್ಲಿ ಸತ್ತ ಪ್ಯಾಕ್ ಕೆಲಸವು ‘ಟಿಎಂಪಿ_ಪ್ಯಾಕ್’ ಎಂದು ಶುರುವಾಗುವ ದೊಡ್ಡ ಫೈಲುಗಳನ್ನು ಪ್ಯಾಕ್ ಫೋಲ್ಡರಿನಲ್ಲಿ ಬಿಟ್ಟಿರುತ್ತದೆ. ‘ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿ’ ಎಂದರೆ ‘ಗಾರ್ಬೇಜ್’ ಮತ್ತು ‘ಸೈಜ್-ಗಾರ್ಬೇಜ್’ ಸಾಲುಗಳಲ್ಲಿ ಅವುಗಳ ಲೆಕ್ಕ ಬರುತ್ತದೆ. ಪ್ರತಿ ಸಲ ಬಿದ್ದಾಗಲೂ ಒಂದೊಂದು ಜಿಬಿ ಕಸ ಸೇರಿ ಕೊನೆಗೆ ಡಿಸ್ಕ್ ತುಂಬುತ್ತದೆ, ಆಗ ಕಾಯಿಲೆ ರೂಪ ಬದಲಿಸುತ್ತದೆ. ಯಾವ ಗಿಟ್ ಪ್ರೊಸೆಸ್ಸೂ ಓಡುತ್ತಿಲ್ಲ ಎಂದು ಖಚಿತಪಡಿಸಿಕೊಂಡೇ ಅವನ್ನು ಅಳಿಸಿ. ರೆಪಾಸಿಟರಿಯೊಳಗೆ ‘ಜಿಸಿ.ಲಾಗ್’ ಎಂಬ ಫೈಲ್ ಇದ್ದರೆ ಹಿಂದಿನ ಜಿಸಿ ಯಾಕೆ ನಿಂತಿತು ಎಂಬುದು ಅದರಲ್ಲೇ ಬರೆದಿರುತ್ತದೆ. ಆ ಫೈಲ್ ಇರುವವರೆಗೆ ಒಂದು ದಿನದ ಮಟ್ಟಿಗೆ ಗಿಟ್ ಮತ್ತೆ ತಾನಾಗಿ ಜಿಸಿ ಮಾಡುವುದಿಲ್ಲ. ಓದದೆ ಅಳಿಸಬೇಡಿ.

4 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಶುರುವಿನಲ್ಲಿ ಈ ಅಳತೆ ಇಡಬಹುದು: ‘ಪ್ಯಾಕ್.ಥ್ರೆಡ್ಸ್’ 1, ‘ಪ್ಯಾಕ್.ವಿಂಡೋಮೆಮೊರಿ’ 256 ಎಂಬಿ, ‘ಕೋರ್.ಬಿಗ್‌ಫೈಲ್‌ಥ್ರೆಶೋಲ್ಡ್’ 50 ಎಂಬಿ. ಕ್ಲೋನ್ ಸ್ವಲ್ಪ ನಿಧಾನವಾಗುತ್ತದೆ, ಡಿಸ್ಕ್‌ನಲ್ಲಿ ಪ್ಯಾಕ್ ಸ್ವಲ್ಪ ದಪ್ಪವಾಗುತ್ತದೆ, ಆದರೆ ಸರ್ವರ್ ಬೀಳದೆ ಉಳಿಯುತ್ತದೆ. ಪುಶ್ ನಂತರದ ತಾನಾಗಿ ಆಗುವ ಜಿಸಿಯನ್ನು ‘ರಿಸೀವ್.ಆಟೋಜಿಸಿ’ ಫಾಲ್ಸ್ ಮಾಡಿ ನಿಲ್ಲಿಸಿ, ರಾತ್ರಿ ಯಾರೂ ಇಲ್ಲದ ಹೊತ್ತಿಗೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸೇವೆ) ಜಿಸಿ ಇಡಿ. ನಿಲ್ಲಿಸಿದ ಮೇಲೆ ಕ್ರಾನ್ ಇಡುವುದನ್ನು ಮರೆತರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಇನ್ನೂ ಒಂದು ಸಾಲು ಬಹಳ ಮುಖ್ಯ: ಸಿಸ್ಟಂಡಿಯ ಹೊಸ ಆವೃತ್ತಿಗಳಲ್ಲಿ ಸೇವೆಯೊಂದರ ಒಂದು ಮರಿ ಪ್ರೊಸೆಸ್ ಮೆಮೊರಿ ಸಾಲದೆ ಸತ್ತರೂ ಇಡೀ ಸೇವೆಯನ್ನೇ ನಿಲ್ಲಿಸುವುದು ಡಿಫಾಲ್ಟ್. ಒಬ್ಬರ ಕ್ಲೋನ್ ಕೆಟ್ಟಿದ್ದಕ್ಕೆ ಎಲ್ಲರ ಸರ್ವರ್ ಬೀಳುವುದು ಹೀಗೆ. ಯೂನಿಟ್ ಫೈಲಿನಲ್ಲಿ ‘ಊಮ್‌ಪಾಲಿಸಿ=ಕಂಟಿನ್ಯೂ’ ಎಂದು ಹಾಕಿದರೆ ಆ ಒಂದು ಕ್ಲೋನ್ ಮಾತ್ರ ಸಾಯುತ್ತದೆ.

ಕಾರಣ ತಿಳಿಯದೆ ಮಿತಿಗಳನ್ನು ಏರಿಸುತ್ತಾ ಹೋಗುವುದು ಫ್ಯೂಸ್ ಹೋದಾಗಲೆಲ್ಲ ಇನ್ನಷ್ಟು ದಪ್ಪ ತಂತಿ ಕಟ್ಟಿದ ಹಾಗೆ. ಇದಕ್ಕೆ ಒಳ್ಳೆಯ ಉದಾಹರಣೆ ‘ಎಚ್‌ಟಿಟಿಪಿ.ಪೋಸ್ಟ್‌ಬಫರ್’. ಪುಶ್ ಅರ್ಧಕ್ಕೆ ನಿಂತರೆ, ಕಳಿಸುವಾಗ ಗಿಟ್ ಬಳಸುವ ಈ ಬಫರ್‌ನ ಅಳತೆಯನ್ನು 500 ಎಂಬಿಗೆ ಏರಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಹೆಚ್ಚಿನ ಪುಶ್ ತೊಂದರೆಗಳಿಗೆ ಅದು ಮದ್ದಲ್ಲ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ಡಿಫಾಲ್ಟ್ 1 ಎಂಬಿ, ಪ್ರಾಕ್ಸಿ ಕಾಯುವ ಸಮಯ 60 ಸೆಕೆಂಡ್. ದೋಷ ಸಂಖ್ಯೆ 413 ಬಂದರೆ ಮೊದಲನೆಯದು, 504 ಬಂದರೆ ಎರಡನೆಯದು ತಡೆಯುತ್ತಿದೆ.

ಬೀಳದೇ ಇದ್ದರೂ ಬಿದ್ದಂತೆ ತೋರುವ ಇನ್ನೊಂದು ಪ್ರಸಂಗ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನದು. ಓಪನ್‌ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ‘ಮ್ಯಾಕ್ಸ್‌ಸ್ಟಾರ್ಟಪ್ಸ್’ ಡಿಫಾಲ್ಟ್ 10:30:100. ಇನ್ನೂ ಲಾಗಿನ್ ಮುಗಿಯದ ಸಂಪರ್ಕಗಳು 10 ಆದಮೇಲೆ ಹೊಸದಾಗಿ ಬರುವುದರಲ್ಲಿ ನೂರಕ್ಕೆ 30ರಷ್ಟನ್ನು ಮನಸ್ಸಿಗೆ ಬಂದಂತೆ ಬಿಸಾಕುತ್ತದೆ. ಸಂಖ್ಯೆ ಏರಿದಂತೆ ಬಿಸಾಕುವ ಪಾಲೂ ಏರಿ, 100ಕ್ಕೆ ಎಲ್ಲವನ್ನೂ ತಳ್ಳುತ್ತದೆ. ಜೆಂಕಿನ್ಸ್‌ನ (ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ಪ್ರೋಗ್ರಾಂ) ನಲವತ್ತು ಕೆಲಸಗಳು ಒಂದೇ ನಿಮಿಷಕ್ಕೆ ಸರ್ವರ್ ಬಾಗಿಲು ತಟ್ಟಿದರೆ ಕೆಲವರಿಗೆ ‘ಕನೆಕ್ಷನ್ ಕ್ಲೋಸ್ಡ್ ಬೈ ರಿಮೋಟ್ ಹೋಸ್ಟ್’ ಬರುತ್ತದೆ, ಪಕ್ಕದವರಿಗೆ ಎಲ್ಲ ಸರಿ ಇರುತ್ತದೆ. ಸರ್ವರ್‌ನಲ್ಲಿ ಯಾವ ಪ್ರೊಸೆಸ್ಸೂ ಸತ್ತಿರುವುದಿಲ್ಲ. ಜೆಂಕಿನ್ಸ್‌ನ ವೇಳಾಪಟ್ಟಿಯ ನಿಮಿಷದ ಜಾಗದಲ್ಲಿ ನಿಗದಿತ ಅಂಕಿಯ ಬದಲು ‘ಎಚ್’ ಹಾಕಿದರೆ ಕೆಲಸಗಳು ನಿಮಿಷಗಳ ಮೇಲೆ ಹರಡಿಕೊಳ್ಳುತ್ತವೆ. ಹೀಗೆ ಹರಡಿದ ಮೇಲೂ ಸಾಲದಿದ್ದರೆ ಮಾತ್ರ ಆ ಮೂರು ಅಂಕಿಗಳನ್ನು ಮುಟ್ಟಿ.

ಫೈಲ್ ಮಿತಿಯದೂ ಹೀಗೇ ಬೇಗ ನೋಡಿ ಮುಗಿಸಬಹುದಾದ ಸಂಗತಿ. ಲಾಗ್‌ನಲ್ಲಿ ‘ಟೂ ಮೆನಿ ಓಪನ್ ಫೈಲ್ಸ್’ ಎಂದಿದ್ದರೆ /ಪ್ರಾಕ್/ ಒಳಗೆ ಆ ಪ್ರೊಸೆಸ್ ಸಂಖ್ಯೆಯ ಫೋಲ್ಡರಿನ ‘ಲಿಮಿಟ್ಸ್’ ತೆರೆಯಿರಿ. 1,024 ಎಂದಿದ್ದರೆ ಯೂನಿಟ್ ಫೈಲಿನಲ್ಲಿ ‘ಲಿಮಿಟ್‌ನೋಫೈಲ್’ 65,536 ಮಾಡಿ. ಡಿಸ್ಕ್‌ನಲ್ಲಿ ಜಾಗ ಇದ್ದೂ ‘ನೋ ಸ್ಪೇಸ್’ ಎಂದರೆ ‘ಡಿಎಫ್ -ಐ’ ಕೊಟ್ಟು ಐನೋಡ್ (ಪ್ರತಿ ಫೈಲಿಗೆ ಒಂದರಂತೆ ಬೇಕಾಗುವ ದಾಖಲೆ) ಖಾಲಿಯಾಗಿದೆಯೇ ನೋಡಿ. ಲಕ್ಷಗಟ್ಟಲೆ ಬಿಡಿ ಆಬ್ಜೆಕ್ಟ್ ಇರುವ ಕಡೆ ಇದು ಆಗುತ್ತದೆ.

139 ಬಂದರೆ ದಾರಿ ಬೇರೆ. ‘ಕೋರ್‌ಡಂಪ್‌ಸಿಟಿಎಲ್ ಲಿಸ್ಟ್’ ಎಂದು ಕೊಟ್ಟು ಹಿಂದಿನ ಸೆಗ್‌ಫಾಲ್ಟ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ. ಪ್ರತಿ ಸಲವೂ ಅದೇ ಪ್ರೋಗ್ರಾಂ, ಅದೇ ಫಂಕ್ಷನ್ ಆದರೆ ದೋಷ ಸಾಫ್ಟ್‌ವೇರಿನದು. ಡಿಬಗ್ ಸಿಂಬಲ್ ಹಾಕಿಕೊಂಡು ಜಿಡಿಬಿ ಎಂಬ ದೋಷ ಹುಡುಕುವ ಸಾಧನದಲ್ಲಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆದು ತಯಾರಕರಿಗೆ ಕಳಿಸಿ. ಒಮ್ಮೆ ಗಿಟ್, ಒಮ್ಮೆ ಎನ್‌ಜಿನ್‌ಎಕ್ಸ್, ಒಮ್ಮೆ ಪೈಥಾನ್, ಪ್ರತಿ ಸಲ ಬೇರೆ ವಿಳಾಸ ಎಂದಾದರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಿಸಿ. ಹತ್ತು ನಿಮಿಷ ಓಡಿಸಿ ತಪ್ಪು ಕಾಣಲಿಲ್ಲ ಎಂದರೆ ಅದಕ್ಕೆ ಅರ್ಥವಿಲ್ಲ. ಕೆಲವು ಚಿಪ್‌ಗಳು ಬಿಸಿಯಾದ ಮೇಲೆಯೇ ತಪ್ಪುತ್ತವೆ. ಒಂದೇ ಒಂದು ದೋಷ ಕಂಡರೂ ಆ ಮೆಮೊರಿ ಕಡ್ಡಿ ಬದಲಿಸಿ, ಮತ್ತು ಆ ಅವಧಿಯಲ್ಲಿ ಬಂದ ಪುಶ್‌ಗಳನ್ನೆಲ್ಲ ಪರೀಕ್ಷೆಗೆ ಒಳಪಡಿಸಿ. ಡಿಸ್ಕ್‌ಗೆ ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟಾಗ ಸಾಟಾ ಡಿಸ್ಕ್‌ಗಳಲ್ಲಿ 5, 197, 198ನೇ ಸಾಲುಗಳ ಕಚ್ಚಾ ಅಂಕಿ ಸೊನ್ನೆಯಿಂದ ಏರುತ್ತಿದ್ದರೆ ಡಿಸ್ಕ್ ಕೆಡುತ್ತಿದೆ. 199 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ಲು ಸಡಿಲ. ಅದನ್ನು ಬದಲಿಸಲು ಹೆಚ್ಚು ದುಡ್ಡೂ ಬೇಡ.

ಕರೆಂಟ್ ಹೋಗಿ ಬರುವ ಊರುಗಳಿಗೆ ಒಂದು ಮಾತು. ಗಿಟ್ ಬಿಡಿ ಆಬ್ಜೆಕ್ಟ್‌ಗಳನ್ನು ಬರೆದ ಕೂಡಲೇ ಡಿಸ್ಕ್‌ಗೆ ಇಳಿಸಿಯೇ ತೀರಬೇಕೆಂದು ಡಿಫಾಲ್ಟ್ ಆಗಿ ಹಟ ಹಿಡಿಯುವುದಿಲ್ಲ. ಪುಶ್ ಆಯಿತು ಎಂದು ಉತ್ತರ ಹೋದ ಕ್ಷಣಕ್ಕೆ ಯುಪಿಎಸ್ ಕೈಕೊಟ್ಟರೆ ಫೈಲ್ ಹೆಸರಿರುತ್ತದೆ, ಒಳಗೆ ಸೊನ್ನೆ ಬೈಟ್. ಮರುದಿನ ‘ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ’ ಎಂಬ ದೂರು. 2022ರಲ್ಲಿ ಬಂದ ಗಿಟ್ 2.36ರಿಂದ ‘ಕೋರ್.ಎಫ್‌ಸಿಂಕ್’ ಎಂಬ ಸೆಟ್ಟಿಂಗ್ ಇದೆ. ಸರ್ವರ್‌ನಲ್ಲಿ ಅದನ್ನು ‘ಕಮಿಟೆಡ್’ ಎಂದು ಇಡಿ. ವೇಗದಲ್ಲಿ ಆಗುವ ನಷ್ಟ ಈ ಪ್ರಮಾಣದ ಕೆಲಸಕ್ಕೆ ಲೆಕ್ಕಕ್ಕೆ ಬರುವಷ್ಟಿಲ್ಲ. ಯುಪಿಎಸ್ ಬ್ಯಾಟರಿ ಇಳಿದಾಗ ಯಂತ್ರ ತಾನಾಗಿ ಶಟ್‌ಡೌನ್ ಆಗುವಂತೆ ಯುಎಸ್‌ಬಿ ತಂತಿ ಜೋಡಿಸಿ.

ಸಬ್‌ವರ್ಷನ್ ಇನ್ನೂ ನಡೆಸುತ್ತಿರುವವರು ರೆಪಾಸಿಟರಿಯ ‘ಡಿಬಿ’ ಫೋಲ್ಡರಿನಲ್ಲಿರುವ ‘ಎಫ್‌ಎಸ್-ಟೈಪ್’ ಫೈಲನ್ನು ತೆರೆದು ನೋಡಿ. ‘ಬಿಡಿಬಿ’ ಎಂದಿದ್ದರೆ ಅದು ಬರ್ಕ್ಲಿ ಡಿಬಿ ಎಂಬ ಹಳೆಯ ಡೇಟಾಬೇಸ್ ಬಳಸುತ್ತಿದೆ. ಸಬ್‌ವರ್ಷನ್ ನಡೆಸುವ ವೆಬ್ ಸರ್ವರ್ ಅಪಾಚೆಯ ಒಂದು ಪ್ರೊಸೆಸ್ ಬೀಗ ಹಿಡಿದಿರುವಾಗಲೇ ಸತ್ತರೆ ಉಳಿದವೆಲ್ಲ ಕಾಯುತ್ತಾ ನಿಂತುಬಿಡುತ್ತವೆ. ಆಗ ಅಪಾಚೆಯನ್ನು ಪೂರ್ತಿ ನಿಲ್ಲಿಸಿ, ರೆಪಾಸಿಟರಿಯ ಮಾಲೀಕನಾಗಿರುವ ಬಳಕೆದಾರನ ಹೆಸರಿನಲ್ಲಿಯೇ ‘ಎಸ್‌ವಿಎನ್‌ಅಡ್ಮಿನ್ ರಿಕವರ್’ ಓಡಿಸಬೇಕು. ರೂಟ್ ಆಗಿ ಓಡಿಸಿದರೆ ಹೊಸ ಫೈಲುಗಳು ರೂಟ್ ಹೆಸರಿಗೆ ಹೋಗಿ ಅಪಾಚೆಗೆ ಬರೆಯಲಾಗದೆ ಎರಡನೇ ತೊಂದರೆ ಹುಟ್ಟುತ್ತದೆ. ಇದು ತಾತ್ಕಾಲಿಕ. 2005ರ 1.2 ಆವೃತ್ತಿಯಿಂದಲೇ ಎಫ್‌ಎಸ್‌ಎಫ್‌ಎಸ್ ಎಂಬ ಇನ್ನೊಂದು ಸಂಗ್ರಹ ವಿಧಾನ ಡಿಫಾಲ್ಟ್ ಆಗಿದೆ, 1.8ರಲ್ಲಿ ಬರ್ಕ್ಲಿ ಡಿಬಿಯನ್ನು ಬಳಸಬೇಡಿ ಎಂದೇ ಹೇಳಿಯಾಗಿದೆ. ‘ಡಂಪ್’ ಮಾಡಿ ಹೊಸ ಎಫ್‌ಎಸ್‌ಎಫ್‌ಎಸ್ ರೆಪಾಸಿಟರಿಗೆ ‘ಲೋಡ್’ ಮಾಡುವುದೊಂದೇ ಶಾಶ್ವತ ಪರಿಹಾರ. ಅಪಾಚೆ ಲಾಗ್‌ನಲ್ಲಿ ‘ಎಕ್ಸಿಟ್ ಸಿಗ್ನಲ್ ಸೆಗ್ಮೆಂಟೇಷನ್ ಫಾಲ್ಟ್ (11)’ ಎಂದು ಬರುತ್ತಿದ್ದರೆ ಅಪಾಚೆ ಮತ್ತು ಸಬ್‌ವರ್ಷನ್ ಮಾಡ್ಯೂಲ್ ಎರಡೂ ಎಪಿಆರ್ ಎಂಬ ಸಹಾಯಕ ಲೈಬ್ರರಿಯ ಒಂದೇ ಪ್ರತಿಯನ್ನು ಬಳಸುತ್ತಿವೆಯೇ ಎಂದು ‘ಎಲ್‌ಡಿಡಿ’ಯಿಂದ ನೋಡಿ. ಒಂದನ್ನು ಪ್ಯಾಕೇಜಿನಿಂದ, ಇನ್ನೊಂದನ್ನು ಸೋರ್ಸ್‌ನಿಂದ ಹಾಕಿದ ಕಡೆ ಈ ಎಡವಟ್ಟು ಆಗುತ್ತದೆ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ, ದಿನಾಂಕ ಹಾಕಿ ಬರೆದಿಡಿ. ಹತ್ತು ದಿನಕ್ಕೊಮ್ಮೆ ಬೀಳುತ್ತಿದ್ದ ಸರ್ವರ್ ನಾಲ್ಕು ದಿನ ಬೀಳದೆ ಉಳಿದರೆ ಸರಿಯಾಯಿತು ಎನ್ನಲಾಗದು. ಕಡಿಮೆಯೆಂದರೂ ಮೂರು ಪಟ್ಟು ಕಾಯಬೇಕು. ಕಾಯದೆ ತಿಳಿಯಬೇಕೆಂದರೆ ರೆಪಾಸಿಟರಿಯ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಒಯ್ದು, ‘ಸಿಸ್ಟಂಡಿ-ರನ್’ನಲ್ಲಿ ‘ಮೆಮೊರಿಮ್ಯಾಕ್ಸ್’ 2 ಜಿಬಿ ಕೊಟ್ಟು, ಅದರೊಳಗೆ ‘ಗಿಟ್ ರೀಪ್ಯಾಕ್ -ಎ -ಡಿ -ಎಫ್’ ಓಡಿಸಿ. ಹಳೆಯ ವ್ಯತ್ಯಾಸಗಳನ್ನು ಬಳಸದೆ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುವುದರಿಂದ ಮೆಮೊರಿಯ ತೊಂದರೆ ಇದ್ದರೆ ಅಲ್ಲೇ ಬೀಳುತ್ತದೆ.

ಬ್ಯಾಕಪ್ ಇದೆಯಲ್ಲ ಎಂದು ನಿಶ್ಚಿಂತೆಯಿಂದಿರುವವರು 2013ರ ಮಾರ್ಚ್‌ನಲ್ಲಿ ಕೆಡಿಇ ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಗೆ ಆದದ್ದನ್ನು ತಿಳಿಯಬೇಕು. ಅವರ ಮುಖ್ಯ ಗಿಟ್ ಸರ್ವರ್ ನಿರ್ವಹಣೆಗೆಂದು ನಿಂತು ಮತ್ತೆ ಎದ್ದಾಗ ಅದರ ಫೈಲ್ ಸಿಸ್ಟಂ ಕೆಟ್ಟಿರುವುದು ಗೊತ್ತಾಯಿತು. ಸುಮಾರು 1,500 ರೆಪಾಸಿಟರಿಗಳು ಅಲ್ಲಿದ್ದವು. ಜಗತ್ತಿನ ಬೇರೆ ಬೇರೆ ಕಡೆಯ ಕನ್ನಡಿ ಸರ್ವರ್‌ಗಳು ಆ ಕೆಟ್ಟದ್ದನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡಿದ್ದವು. ಕೆಡದ ಪ್ರತಿ ಒಂದು ಸರ್ವರ್‌ನಲ್ಲಿ ಉಳಿದದ್ದು ಅದೃಷ್ಟ. ನಕಲು ಮಾಡುವಾಗ ಒಳಗಿನದು ಸರಿಯಿದೆಯೇ ಎಂದು ಗಿಟ್ ಪ್ರತಿ ಸಲವೂ ಪೂರ್ತಿ ಪರೀಕ್ಷಿಸುತ್ತದೆ ಎಂಬ ನಂಬಿಕೆ ಅಲ್ಲಿ ಮುರಿಯಿತು. ಆದ್ದರಿಂದ ವಾರಕ್ಕೊಮ್ಮೆಯಾದರೂ ‘ಗಿಟ್ ಎಫ್‌ಎಸ್‌ಸಿಕೆ --ಫುಲ್’ ಓಡಿಸಿ, ಅದು ದೋಷವಿಲ್ಲದೆ ಮುಗಿದರೆ ಮಾತ್ರ ಹಳೆಯ ಬ್ಯಾಕಪ್ ಮೇಲೆ ಹೊಸದನ್ನು ಬರೆಯಿರಿ. ‘ಟ್ರಾನ್ಸ್‌ಫರ್.ಎಫ್‌ಎಸ್‌ಸಿಕೆಆಬ್ಜೆಕ್ಟ್ಸ್’ ಡಿಫಾಲ್ಟ್ ಆಗಿ ಇರುವುದಿಲ್ಲ. ಅದನ್ನು ಟ್ರೂ ಮಾಡಿದರೆ ಕೆಟ್ಟ ರೂಪದ ಆಬ್ಜೆಕ್ಟ್ ಪುಶ್ ಆಗುವಾಗಲೇ ಬಾಗಿಲಲ್ಲಿ ನಿಲ್ಲುತ್ತದೆ. ಸಬ್‌ವರ್ಷನ್‌ಗೆ ಇದೇ ಕೆಲಸವನ್ನು ‘ಎಸ್‌ವಿಎನ್‌ಅಡ್ಮಿನ್ ವೆರಿಫೈ’ ಮಾಡುತ್ತದೆ, ನಕಲಿಗೆ ‘ಹಾಟ್‌ಕಾಪಿ’ ಇದೆ. ನಡೆಯುತ್ತಿರುವ ಸರ್ವರ್‌ನ ಫೋಲ್ಡರನ್ನು ಸುಮ್ಮನೆ ‘ಸಿಪಿ’ ಮಾಡಿಟ್ಟರೆ ಅದನ್ನು ಬ್ಯಾಕಪ್ ಎಂದು ನಂಬುವಂತಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಸ್ಕೀಮ್‌ನಲ್ಲಿ ಗಿಟ್ ಬಗ್ಗೆ ಪ್ರತ್ಯೇಕ ಲ್ಯಾಬ್ ತಂದಿರುವುದು ಸಂತೋಷದ ಸಂಗತಿ. ಬ್ರಾಂಚ್, ಮರ್ಜ್, ಸ್ಟ್ಯಾಶ್, ಟ್ಯಾಗ್ ಎಲ್ಲ ಅಲ್ಲಿ ಇವೆ; ಎಲ್ಲವೂ ಬಳಸುವವರ ಕಡೆಯ ಆಜ್ಞೆಗಳು. ಅದಕ್ಕೆ ಸರ್ವರ್ ಕಡೆಯ ಒಂದೇ ಒಂದು ಪ್ರಯೋಗ ಸೇರಿಸಬೇಕೆಂದು ಪಠ್ಯಕ್ರಮ ರೂಪಿಸುವವರಲ್ಲಿ ಕೋರುತ್ತೇನೆ. 2 ಜಿಬಿ ರ‍್ಯಾಮ್‌ನ ವರ್ಚುವಲ್ ಮಷಿನ್ ಒಂದರಲ್ಲಿ ಬೇರ್ ರೆಪಾಸಿಟರಿ (ಸರ್ವರ್‌ನಲ್ಲಿ ಇಡುವ ಬಗೆಯದು) ಮಾಡಿ, 300 ಎಂಬಿಯ ಫೈಲೊಂದನ್ನು ಪ್ರತಿ ಸಲವೂ ಸ್ವಲ್ಪ ತಿದ್ದುತ್ತಾ ಎಂಟು ಸಲ ಪುಶ್ ಮಾಡಿಸಿ, ನಾಲ್ಕು ಟರ್ಮಿನಲ್‌ಗಳಿಂದ ಒಟ್ಟಿಗೆ ಕ್ಲೋನ್ ಮಾಡಿಸಿ. ಬಿದ್ದ ಮೇಲೆ ಯಾವ ಪ್ರೊಸೆಸ್ ಸತ್ತಿತು, ಮೆಮೊರಿ ಹಿಡಿದದ್ದು ಯಾವುದು, ಕಸದ ಫೈಲ್ ಎಷ್ಟು ಉಳಿಯಿತು ಎಂಬ ಮೂರು ಪ್ರಶ್ನೆಗಳಿಗೆ ಲಾಗ್‌ನಿಂದ ಉತ್ತರ ಬರೆಸಿ. ಎರಡು ಗಂಟೆಯ ಒಂದು ಲ್ಯಾಬ್ ಅವಧಿಯಲ್ಲಿ ಇದು ಮುಗಿಯುತ್ತದೆ. ಖರ್ಚೇನೂ ಇಲ್ಲ.

ಇತಿ,
ಒಬ್ಬ ಸಿಸ್ಟಂ ಅಡ್ಮಿನಿಸ್ಟ್ರೇಟರ್,
ಹುಬ್ಬಳ್ಳಿ